ಲಾರಿ ಟ್ಯೂಬಿನ ಬೇಸಿಗೆ

ಹೋದ ತಿಂಗಳು ತಣಿಸಂದ್ರದ ಮುಖ್ಯರಸ್ತೆಯಲ್ಲಿ ಮಗಳ ಹಳೆಯ ಸ್ಕೂಟರು ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬನ್ನು ಹೊರಗೆಳೆದು, ಗಾಳಿ ತುಂಬಿ, ನೀರಿನ ಬಾಣಲೆಯಲ್ಲಿ ಇಷ್ಟಿಷ್ಟೇ ಮುಳುಗಿಸುತ್ತ ಗುಳ್ಳೆ ಎಲ್ಲಿ ಏಳುತ್ತದೆಂದು ನೋಡಿದ. ಆಮೇಲೆ ತೂತಿನ ಸುತ್ತ ಉಜ್ಜಿ ಸೊಲ್ಯೂಷನ್ ಹಚ್ಚಿದ. ಆ ವಾಸನೆ ಮೂಗಿಗೆ ಬಡಿದಾಗ ನಾನು ಮಗಳ ಮಾತಿಗೆ ಉತ್ತರ ಕೊಡುವುದನ್ನು ಮರೆತೆ. "ಏನಮ್ಮಾ, ತಲೆ ಸುತ್ತುತ್ತಾ?" ಎಂದಳು. ಇಲ್ಲ ಎಂದೆ. ನಲವತ್ತು ವರ್ಷದ ಹಿಂದೆ, ಇಲ್ಲಿಗೆ ಹತ್ತಿರದಲ್ಲೇ, ನಾನು ಲಾರಿ ಟ್ಯೂಬಿನಲ್ಲಿ ಕೂತು ಕೆರೆಯ ನಡುವೆ ಮೀನು ಹಿಡಿಯುತ್ತಿದ್ದೆ ಎಂದು ಅವಳಿಗೆ ಹೇಳಿಲ್ಲ. ಮುಚ್ಚಿಡಬೇಕೆಂದೇನೂ ಇರಲಿಲ್ಲ. ಹೇಳುವ ಸಂದರ್ಭ ಬಂದಿರಲಿಲ್ಲ, ಅಷ್ಟೆ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಾಘದಲ್ಲಿ ನನ್ನ ಮದುವೆಯಾಯಿತು. ತವರು ಹರಿಹರದ ಆಚೆ, ತುಂಗಭದ್ರೆಯ ದಂಡೆಯ ಮೇಲಿನ ಒಂದು ಹಳ್ಳಿ. ನಮ್ಮದು ಅಂಬಿಗರ ಮನೆ. ಅಪ್ಪ ಬರಮಪ್ಪ ಹರಿಗೋಲು ಹಾಕುತ್ತಿದ್ದ, ಉಳಿದ ಹೊತ್ತಿನಲ್ಲಿ ಬಲೆ ಬೀಸುತ್ತಿದ್ದ. ನಡೆಯಲು ಬಂದ ಸ್ವಲ್ಪ ದಿನಕ್ಕೇ ನಮ್ಮಲ್ಲಿ ಮಕ್ಕಳಿಗೆ ಈಜು ಬರುತ್ತಿತ್ತು. ಯಾರೂ ಕೂತು ಕಲಿಸಿದ್ದು ನನಗೆ ನೆನಪಿಲ್ಲ.

ಗಂಡ ನಾಗಪ್ಪನವರೂ ನಮ್ಮ ಜನವೇ, ನಮ್ಮ ಕಡೆಯವರೇ. ಆದರೆ ಅವರಿಗೆ ನಾಲ್ಕು ವರ್ಷವಾಗಿದ್ದಾಗ ತಂದೆ ಜ್ವರ ಬಂದು ತೀರಿಕೊಂಡರಂತೆ. ಅತ್ತೆ ಹನುಮವ್ವ ಮಗನನ್ನು ಎತ್ತಿಕೊಂಡು ರೈಲು ಹತ್ತಿ, ಯಶವಂತಪುರದಲ್ಲಿ ಇಳಿದವರು ಮತ್ತೆ ಊರಿನತ್ತ ತಲೆ ಹಾಕಿರಲಿಲ್ಲ; ನಮ್ಮ ಜನದ ಹೆಣ್ಣೇ ಬೇಕೆಂದು ಹೇಳಿ ಕಳಿಸಿ, ಮದುವೆಯನ್ನೂ ಇಲ್ಲೇ ಮಾಡಿಸಿದ್ದರು. ಗಾರೆ ಕೆಲಸ, ಮನೆಗೆಲಸ ಮಾಡಿ ಮಗನನ್ನು ಐ.ಟಿ.ಐ. ಓದಿಸಿದ್ದರು. ಗಂಡ ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದರು. ನಾವಿದ್ದದ್ದು ಅಮೃತಹಳ್ಳಿಯಲ್ಲಿ, ಬಾಡಿಗೆಯ ಎರಡು ಕೋಣೆಗಳಲ್ಲಿ. ಹಿತ್ತಲಲ್ಲಿ ಮನೆ ಮಾಲೀಕರ ಹಸು, ಬಾವಿ, ಒಂದು ನುಗ್ಗೆಮರ. ಆಚೆ ದ್ರಾಕ್ಷಿ ತೋಟಗಳು, ಇಟ್ಟಿಗೆ ಗೂಡುಗಳು. ಅವುಗಳ ಹಿಂದೆ ಜಕ್ಕೂರು ಕೆರೆ.

ನಾನು ಬಂದು ಮೂರು ವಾರಕ್ಕೆ ಕಾರ್ಖಾನೆಗೆ ಬೀಗ ಬಿತ್ತು. ಕೆಲಸಗಾರರಿಗೂ ಆಡಳಿತದವರಿಗೂ ಯಾವುದೋ ಮಾತು ಮುರಿದಿತ್ತು. ಬೆಳಿಗ್ಗೆ ಡಬ್ಬಿ ಹಿಡಿದು ಹೋದ ಗಂಡ ಹತ್ತು ಗಂಟೆಗೆ ಅದೇ ಡಬ್ಬಿ ಹಿಡಿದು ವಾಪಸು ಬಂದರು. ಅತ್ತೆ ನನಗೆ ಎದುರಾಗಿ ಏನೂ ಅನ್ನಲಿಲ್ಲ. ಮನೆ ಮಾಲೀಕರ ಹೆಂಡತಿ ಜಯಮ್ಮನ ಹತ್ತಿರ ಬಾವಿಕಟ್ಟೆಯಲ್ಲಿ ನಿಂತು, "ಕಾಲ್ಗುಣ ಅಂಬೋದು ಸುಳ್ಳಲ್ಲ ನೋಡ್ರಿ ಜಯಮ್ಮಾರ" ಎಂದರು. ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಬಡಿತ ನಿಲ್ಲಿಸಿದರೆ ಕೇಳಿಸಿಕೊಂಡೆನೆಂದು ಗೊತ್ತಾಗುತ್ತದೆಂದು ಇನ್ನೂ ಜೋರಾಗಿ ಬಡಿದೆ.

ಮೊದಲ ಒಂದು ತಿಂಗಳು ಗಂಡ ಗೇಟಿನ ಹತ್ತಿರ ಹೋಗಿ ಕೂತು ಬರುತ್ತಿದ್ದರು. ಆಮೇಲೆ ಅದೂ ಬೇಸರವಾಯಿತು. ಒಂದು ದಿನ ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದ ಗೆಳೆಯನಿಂದ ಹಳೆಯ ಲಾರಿ ಟ್ಯೂಬೊಂದನ್ನು ಹೆಗಲಿಗೆ ಹಾಕಿಕೊಂಡು ಬಂದರು. ನಾಲ್ಕು ಕಡೆ ತೇಪೆ ಹಾಕಿದ್ದ ಟ್ಯೂಬು. ಅದರ ನಡುವೆ ಗೋಣಿತಾಟು ಬಿಗಿದು ಕೂರುವ ಜಾಗ ಮಾಡಿದರು. ಕಾಲುಗಳನ್ನು ಎರಡೂ ಕಡೆ ಇಳಿಬಿಟ್ಟು ಕೂತರೆ ಸೊಂಟದವರೆಗೆ ನೀರು. ಕಾಲನ್ನೇ ಹುಟ್ಟಿನಂತೆ ಆಡಿಸುತ್ತ ಕೆರೆಯೊಳಕ್ಕೆ ಹೋಗಿ ಗಾಳ ಹಾಕುವುದು. ಕಾರ್ಖಾನೆಯ ಇನ್ನಿಬ್ಬರು ಗೆಳೆಯರೂ ಹಾಗೇ ಮಾಡುತ್ತಿದ್ದರಂತೆ.

"ನೀರಿಗೆ ಹೋಗಬ್ಯಾಡ" ಎಂದರು ಅತ್ತೆ.

"ಸುಮ್ನೆ ಕೂತು ಏನ್ ಮಾಡ್ಲಿ ಅವ್ವಾ? ಒಂದ್ ಹೊತ್ತಿನ ಸಾರಿಗಾದ್ರೂ ಆಗುತ್ತೆ."

"ಹೋಗಬ್ಯಾಡ ಅಂದ್ನೆಪ್ಪಾ."

ಗಂಡ ಹೋದರು. ಅವತ್ತು ಅತ್ತೆ ಹೊಸ್ತಿಲ ಮೇಲೆ ಕೂತವರು ಮಗ ಬರುವವರೆಗೆ ಏಳಲಿಲ್ಲ. ಊಟಕ್ಕೆ ಕರೆದೆ. "ಇವತ್ತು ಒಪ್ಪತ್ತು" ಎಂದರು. ಮಗ ಕೆರೆಗೆ ಹೋದ ದಿನಗಳಲ್ಲೆಲ್ಲ ಅವರಿಗೆ ಒಪ್ಪತ್ತೇ ಇರುತ್ತಿತ್ತು. ಕಾರ್ಖಾನೆಯ ಬೀಗ ತೆಗೆಯಲೆಂದು ದೇವರಿಗೆ ಹರಕೆ ಹೊತ್ತಿದ್ದಾರೆ ಎಂದುಕೊಂಡೆ.

ಮೀನು ಮಾತ್ರ ಬರಲಿಲ್ಲ. ಗಂಡ ತಿಂಡಿ ತಿಂದು ಒಂಬತ್ತಕ್ಕೆ ಹೊರಡುವರು, ಎರಡು ಗಂಟೆಗೆ ಮುಖ ಸುಟ್ಟುಕೊಂಡು ಬರುವರು. ಬೆರಳುದ್ದದ ಎರಡು ಜಿಲೇಬಿ ಮೀನು ಸಿಕ್ಕರೆ ಹೆಚ್ಚು. "ಲಕ್ಕೇ ಇಲ್ಲ ಕಣೇ. ಪಕ್ಕದಲ್ಲಿ ಒಬ್ಬ ತಾತ ದಡದಲ್ಲಿ ಕೂತು ಬುಟ್ಟಿ ತುಂಬಿಸ್ಕೊಂಡು ಹೋಗ್ತಾನೆ" ಎನ್ನುತ್ತಿದ್ದರು. ಲಕ್ಕು ಎಂಬ ಮಾತು ಬಂದಾಗ ಅತ್ತೆ ನನ್ನ ಕಡೆ ನೋಡುತ್ತಿದ್ದರು.

ಒಂದು ದಿನ ಜಯಮ್ಮನ ಹಸುವಿಗೆ ಹುಲ್ಲು ತರುವ ನೆಪದಲ್ಲಿ ನಾನು ಕೆರೆ ಏರಿಯ ಮೇಲೆ ಹೋದೆ. ಏಪ್ರಿಲ್ಲಿನ ಬಿಸಿಲು. ನೀರು ಅರ್ಧಕ್ಕಿಂತ ಕೆಳಗೆ ಇಳಿದಿತ್ತು. ಅಂಚಿನಲ್ಲಿ ಒಣಗಿದ ಕೆಸರು ಹಪ್ಪಳದಂತೆ ಬಿರಿದಿತ್ತು. ಜಕ್ಕೂರಿನ ವಿಮಾನ ಮೈದಾನದಿಂದ ಎದ್ದ ಪುಟ್ಟ ವಿಮಾನವೊಂದು ಕೆರೆಯ ಮೇಲೆ ಸುತ್ತು ಹಾಕುತ್ತಿತ್ತು. ಗಂಡ ನಟ್ಟನಡುವೆ ಟ್ಯೂಬಿನಲ್ಲಿ ಕೂತಿದ್ದರು. ನಾನು ನೋಡಿದ ಮೊದಲ ಸಂಗತಿ ಎಂದರೆ ಅವರ ಕಾಲು. ಸುಮ್ಮನೆ ಇರುತ್ತಲೇ ಇರಲಿಲ್ಲ. ಗಾಳಿ ಟ್ಯೂಬನ್ನು ತಿರುಗಿಸುತ್ತಿತ್ತು, ಇವರು ಒದ್ದು ಒದ್ದು ಅದನ್ನು ನೆಟ್ಟಗೆ ಮಾಡುತ್ತಿದ್ದರು. ಸೂರ್ಯ ಅವರ ಬೆನ್ನಿಗಿತ್ತು, ನೆರಳು ಗಾಳದ ದಾರದ ಮೇಲೇ ಬಿದ್ದಿತ್ತು. ಬೆಂಡನ್ನು ಕೊಕ್ಕೆಗೆ ಗೇಣು ದೂರದಲ್ಲಿ ಕಟ್ಟಿದ್ದರು. ಸುಡುವ ಮಧ್ಯಾಹ್ನ ಗೇಣು ಆಳದ ನೀರಿನಲ್ಲಿ ಯಾವ ಮೀನಿಗೆ ಏನು ಕೆಲಸ?

ನದಿಯಲ್ಲಿ ಬಲೆ ಬೀಸಿದವರ ಮಗಳು ನಾನು. ಗಾಳದ ವಿಷಯ ಅಷ್ಟಾಗಿ ತಿಳಿಯದು. ಆದರೂ ಇಷ್ಟು ಕಾಣುತ್ತಿತ್ತು.

ತೂಬಿನ ಕಲ್ಲಿನ ಮೇಲೆ ಮುದುಕರೊಬ್ಬರು ಬೀಡಿ ಸೇದುತ್ತ ಕೂತಿದ್ದರು. ಕೆರೆಯ ನೀರುಗಂಟಿ, ಮುನಿಯಪ್ಪ. ಗದ್ದೆಗಳಿಗೆ ತೂಬು ತೆಗೆದು ನೀರು ಬಿಡುವ ಕೆಲಸ ಅವರ ಮನೆತನದ್ದು. ಗಂಡ ಹೇಳುತ್ತಿದ್ದ ಬುಟ್ಟಿ ತುಂಬುವ ತಾತ ಇವರೇ.

"ಆ ಟೂಬ್ನಾಗೆ ಇರೋನು ನಿನ್ನ ಗಂಡನಾ ಮಗಾ?"

"ಹೌದ್ರೀ ಅಜ್ಜಾ."

"ಇಂಗೆ ಕಾಲು ಒದ್ದಾಡುದ್ರೆ ಮೀನು ಎಲ್ಲಿರ್ತವೆ? ಓಡೋಗ್ತವೆ. ನಾನೂ ಯೋಳ್ದೆ. ಲಕ್ಕಿಲ್ಲ ತಾತ ಅಂತಾನೆ. ಅದೃಷ್ಟ ಏನು ಆಕಾಸ್ದಿಂದ ಬೀಳ್ತದಾ? ಬ್ಯಾಸ್ಗೇಲಿ ಮೀನಿಗೂ ಸೆಕೆ ಆಯ್ತದೆ ಕಣವ್ವ. ನಿಂಗೆ ಸೆಕೆ ಆದ್ರೆ ಎಲ್ಲೋಗ್ತೀಯ? ಅದೂ ಅಲ್ಲಿಗೇ ಓಯ್ತದೆ."

ಆಮೇಲೆ ಆ ಹುಲ್ಲಿನ ನೆಪದಲ್ಲೇ ನಾನು ನಾಲ್ಕೈದು ಸಲ ಹೋದೆ. ಮುನಿಯಪ್ಪನವರಿಗೆ ಕೇಳುವವರು ಬೇಕಾಗಿತ್ತು. ನಸುಕಿನಲ್ಲಿ ನೀರು ತಣ್ಣಗಿರುವಾಗ ಮೀನು ಮೇಯಲು ಜೊಂಡಿನ ಅಂಚಿಗೆ ಬರುತ್ತದೆ, ಬಿಸಿಲೇರಿದಂತೆ ತೂಬಿನ ಮುಂದಿನ ಮಡುವಿಗೆ ಇಳಿಯುತ್ತದೆ ಎಂದು ಅವರು ಹೇಳಿದರು. ಗಾಳಿ ಯಾವ ದಡಕ್ಕೆ ಬೀಸುತ್ತದೋ ಕಸಕಡ್ಡಿ, ಹುಳುಹುಪ್ಪಡಿ ಆ ದಡಕ್ಕೆ ಸೇರುತ್ತದೆ, ಮೀನೂ ಅದರ ಹಿಂದೆಯೇ. ಕೆರೆ ಕಟ್ಟುವ ಮೊದಲು ಅಲ್ಲೊಂದು ತೋಟದ ಬಾವಿಯಿತ್ತಂತೆ. ತೂಬಿನಿಂದ ನೇರ ಇಪ್ಪತ್ತೈದು ಮಾರು ಹೋದರೆ ಈಗಲೂ ಅಲ್ಲಿ ಆಳ, ಎಂಥ ಬೇಸಿಗೆಯಲ್ಲೂ ಅಡಿಯ ನೀರು ತಂಪು. ಇದನ್ನು ಅವರಿಗೆ ಅವರ ತಾತ ಹೇಳಿದ್ದಂತೆ.

ನಾನು ಒಂದು ಸಂಜೆ ಗಂಡನಿಗೆ, "ಬೆಂಡು ಸ್ವಲ್ಪ ಮ್ಯಾಲೆ ಕಟ್ರಿ, ಕೊಕ್ಕೆ ಆಳಕ್ಕ ಇಳೀಲಿ" ಎಂದೆ.

"ನಿಂಗೇನ್ ಗೊತ್ತು? ಇದು ಹೊಳೆ ಅಲ್ಲ ಕಣೇ, ಕೆರೆ."

ನಾನು ಒಲೆಯ ಕಡೆ ತಿರುಗಿದೆ. ಮದುವೆಯಾಗಿ ಆಗಿನ್ನೂ ಮೂರು ತಿಂಗಳು ತುಂಬಿರಲಿಲ್ಲ.

ಅದಾಗಿ ಎರಡೇ ದಿನಕ್ಕೆ ಅವರಿಗೆ ಬಿಸಿಲು ಹೊಡೆಯಿತು. ಮೈ ಕೆಂಡವಾಗಿ, ವಾಂತಿಯಾಗಿ ಮಲಗಿದವರು ಒಂದು ವಾರ ಏಳಲಿಲ್ಲ. ಅತ್ತೆ ಮಜ್ಜಿಗೆಯಲ್ಲಿ ಅದ್ದಿದ ಬಟ್ಟೆಯನ್ನು ಅವರ ಹಣೆಗೆ ಹಾಕುತ್ತ ಕೂತಿರುತ್ತಿದ್ದರು. ಆ ವಾರದ ಮೂರನೆಯ ನಸುಕಿನಲ್ಲಿ, ಬಿಂದಿಗೆ ಹಿಡಿದು ಬಾವಿಗೆ ಹೋಗುವಂತೆ ಹಿತ್ತಲಿಗೆ ಹೋದವಳು ಗೋಡೆಗೆ ಒರಗಿಸಿದ್ದ ಟ್ಯೂಬನ್ನು ಹೆಗಲಿಗೆ ಹಾಕಿಕೊಂಡು ಕೆರೆಗೆ ನಡೆದೆ. ಯಾಕೆ ಹೋದೆ ಎಂದು ಈಗ ಕೇಳಿದರೆ ಸರಿಯಾದ ಉತ್ತರ ನನ್ನಲ್ಲಿಲ್ಲ. ಮನೆಯಲ್ಲಿ ಸಾರಿಗೆ ಏನೂ ಇರಲಿಲ್ಲ ಎನ್ನುವುದು ನಿಜ. ಕಾಲ್ಗುಣದ ಮಾತು ಕೇಳಿ ಕೇಳಿ ಸಾಕಾಗಿತ್ತು ಎನ್ನುವುದೂ ನಿಜ. ನೀರಿಗೆ ಇಳಿದು ಮೂರು ತಿಂಗಳಾಗಿತ್ತು ಎನ್ನುವುದು ಬಹುಶಃ ಇವೆಲ್ಲಕ್ಕಿಂತ ನಿಜ.

ಮುನಿಯಪ್ಪ ಬೈಯಲಿಲ್ಲ, ನಗಲೂ ಇಲ್ಲ. "ಈಜು ಬತ್ತದಾ?" ಎಂದು ಮಾತ್ರ ಕೇಳಿದರು. ಸೀರೆಯನ್ನು ಕಚ್ಚೆ ಹಾಕಿ ಬಿಗಿದು ಕಟ್ಟಿಕೊಂಡೆ. ಅವರು ಟ್ಯೂಬನ್ನು ಹಿಡಿದು ನಿಂತರು, ನಾನು ಗೋಣಿತಾಟಿನ ಮೇಲೆ ಕೂತೆ. ಹರಿಗೋಲಿನಲ್ಲಿ ಕೂತಾಗ ನೀರು ನಮ್ಮ ಕೆಳಗಿರುತ್ತದೆ. ಟ್ಯೂಬಿನಲ್ಲಿ ನಾವೇ ನೀರಿನೊಳಗಿರುತ್ತೇವೆ, ಆದರೆ ಈಜುತ್ತಿರುವುದಿಲ್ಲ. ಮೊದಲಿಗೆ ಅದು ವಿಚಿತ್ರವಾಗಿತ್ತು. ಹಿಂದಕ್ಕೆ ಒರಗಿದರೆ ಮಗುಚುತ್ತದೇನೋ ಎಂಬ ಅಂಜಿಕೆ. ಸ್ವಲ್ಪ ಹೊತ್ತಿಗೆ ಮೈಯ ತೂಕ ಎಲ್ಲಿಡಬೇಕು ಎಂದು ತಿಳಿಯಿತು. ಪಾದಗಳನ್ನು ಒದೆಯದೆ, ರೊಟ್ಟಿಯ ಹಿಟ್ಟು ನಾದುವಂತೆ ನಿಧಾನ ಒತ್ತುತ್ತ ಹೋದರೆ ಟ್ಯೂಬು ಸದ್ದಿಲ್ಲದೆ ಸರಿಯುತ್ತಿತ್ತು. ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿ ಕೂತೆ, ನೆರಳು ಬೆನ್ನ ಹಿಂದೆ ಬೀಳಲೆಂದು. ಬಚ್ಚಲ ನೀರು ಹರಿಯುವ ಕಡೆ ಅಗೆದು ತಂದಿದ್ದ ಎರೆಹುಳು ಚುಚ್ಚಿ ಜೊಂಡಿನ ಅಂಚಿಗೆ ಗಾಳ ಬಿಟ್ಟೆ. ಕಾಲು ನಿಲ್ಲಿಸಿದೆ.

ಬೆಂಡು ಮುಳುಗಿದಾಗ ನನಗೆ ಸಂತೋಷಕ್ಕಿಂತ ಗಾಬರಿಯೇ ಹೆಚ್ಚಾಯಿತು. ಅಂಗೈ ಅಗಲದ ಜಿಲೇಬಿ ಮೀನು. ಆಮೇಲೆ ಇನ್ನೊಂದು. ಬಿಸಿಲು ಏರುವ ಹೊತ್ತಿಗೆ ಆರು. ಎಲ್ಲವನ್ನೂ ಜೊಂಡಿನ ಎಳೆಗೆ ಪೋಣಿಸಿ ಟ್ಯೂಬಿಗೆ ಕಟ್ಟಿಕೊಂಡು ದಡಕ್ಕೆ ಬಂದೆ.

ಅತ್ತೆ ಕೇಳಿದಾಗ, "ನೀರುಗಂಟಿ ಅಜ್ಜ ಕೊಟ್ರು" ಎಂದೆ.

ಎರಡು ವಾರ ನಾನು ಹಾಗೇ ಹೇಳುತ್ತ ಹೋದೆ. ಆ ಎರಡು ವಾರದಲ್ಲಿ ಕಲಿತದ್ದು ಬಹಳ. ಕಡ್ಲೆಕಾಯಿ ಹಿಂಡಿಯನ್ನು ರಾಗಿಹಿಟ್ಟಿನೊಂದಿಗೆ ಕಲಸಿ ಒಂದೇ ಜಾಗಕ್ಕೆ ದಿನಾ ಒಂದು ಹಿಡಿ ಎಸೆದರೆ, ನಾಲ್ಕನೆಯ ದಿನಕ್ಕೆ ಮೀನು ನಾವು ಬರುವ ಮೊದಲೇ ಅಲ್ಲಿ ಕಾದಿರುತ್ತದೆ. ದಾರ ದಪ್ಪವಿದ್ದರೆ ತಿಳಿ ನೀರಿನಲ್ಲಿ ಮೀನು ಹತ್ತಿರ ಬರುವುದಿಲ್ಲ. ಕೊರಮೀನು ಆಗಾಗ ಮೇಲೆ ಬಂದು ಗಾಳಿ ನುಂಗಿ ಹೋಗುತ್ತದೆ, ಆಗ 'ಪಚ್' ಎಂದು ಒಂದು ಸಣ್ಣ ಸದ್ದು. ಎದ್ದ ಕಡೆಗಲ್ಲ, ಅದು ಹೋಗುವ ಕಡೆಗೆ ಗಾಳ ಹಾಕಬೇಕು. ಹಾಗೊಂದು ಕೊರಮೀನು ಸಿಕ್ಕಿದ ದಿನ ಟ್ಯೂಬನ್ನು ಅದು ಸುಮಾರು ದೂರ ಎಳೆದುಕೊಂಡು ಹೋಯಿತು. ನಮಗೆ ಮಿಕ್ಕಿದ ಮೀನು ಜಯಮ್ಮನ ಮನೆಗೆ ಹೋಗುತ್ತಿತ್ತು, ಅಲ್ಲಿಂದ ರಾಗಿಹಿಟ್ಟು, ಹಾಲು, ನುಗ್ಗೆಕಾಯಿ ಬರುತ್ತಿತ್ತು.

ಗಂಡನಿಗೆ ನಿಜ ಹೇಳಿದೆ. ಹಾಸಿಗೆಯ ಮೇಲೆ ಎದ್ದು ಕೂತು ಸಾರು ಸುರಿಯುತ್ತಿದ್ದವರು ತಟ್ಟೆಯನ್ನು ಕೆಳಗಿಟ್ಟರು. "ಅವ್ವಂಗೆ ಗೊತ್ತಾಗ್ಬಾರ್ದು" ಎಂದರು. ಆಮೇಲೆ, "ಎಷ್ಟು ಆಳಕ್ಕೆ ಬಿಟ್ಟೆ?" ಎಂದು ಕೇಳಿದರು.

ಅತ್ತೆಗೆ ಗೊತ್ತಾದದ್ದು ನನ್ನ ಒದ್ದೆ ಸೀರೆಯಿಂದಲೋ ಜಯಮ್ಮನ ಬಾಯಿಂದಲೋ ನನಗೆ ತಿಳಿಯದು. ಮೇ ತಿಂಗಳ ಒಂದು ಬೆಳಿಗ್ಗೆ ತೂಬಿನ ಹತ್ತಿರ ಗಾಳ ಹಾಕಿ ಕೂತಿದ್ದೆ. ತಲೆ ಎತ್ತಿದರೆ ಏರಿಯ ಮೇಲೆ ಅತ್ತೆ ನಿಂತಿದ್ದಾರೆ. ಸೆರಗು ತಲೆಯ ಮೇಲಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ. ಬೈಗುಳ ಬರುತ್ತದೆಂದು ಕಾದೆ. ಅವರು ಬಾಯಿ ತೆರೆದರು, ಮಾತು ಬರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ನಾನು ದಡಕ್ಕೆ ಬರುವವರೆಗೆ ಅತ್ತೆ ಅಲುಗಾಡಲಿಲ್ಲ. ಬಂದ ಮೇಲೆ ನನ್ನ ರಟ್ಟೆ ಹಿಡಿದರು. ಉಗುರು ಊರುವಷ್ಟು ಬಿಗಿಯಾಗಿ. ಮನೆಯವರೆಗೂ ಬಿಡಲಿಲ್ಲ.

"ನಾ ನೀರು ಬ್ಯಾಡಂತ ಇಷ್ಟು ದೂರ ಬಂದೀನಿ. ನೀ ಬಂದ ದಿನದಿಂದ ನೀರು ನನ್ನ ಮನಿ ಹೊಕ್ಕೈತಿ" ಎಂದರು ಹಿತ್ತಲಲ್ಲಿ ನಿಂತು. ಆಮೇಲೆ ಮಗನ ಕಡೆ ತಿರುಗಿ, "ನಾಗಪ್ಪಾ, ಇವರಪ್ಪಗ ಕಾಗದ ಬರಿ. ಬಂದು ಮಗಳನ್ನ ಕರಕೊಂಡು ಹೋಗ್ಲಿ" ಎಂದರು.

ಗಂಡ ಏನೂ ಅನ್ನಲಿಲ್ಲ. ಅದು ನನಗೆ ಆಗ ತುಂಬ ನೋವು ಮಾಡಿತು, ಈಗ ಅಷ್ಟಿಲ್ಲ. ಸಂಜೆ ಇನ್‌ಲ್ಯಾಂಡ್ ಲೆಟರ್ ಮುಂದಿಟ್ಟುಕೊಂಡು ಬಹಳ ಹೊತ್ತು ಕೂತಿದ್ದರು. ಕೊನೆಗೆ ನನ್ನನ್ನೇ ಕೇಳಿದರು.

"ಏನಂತ ಬರೀಲಿ?"

"ಬಂದು ಹೋಗ್ರಿ ಅಂತ ಬರೀರಿ. ಅಷ್ಟ ಸಾಕು."

ಹಾಗೇ ಬರೆದರು. ಅಪ್ಪ ಬರಲು ಹತ್ತು ದಿನ ಹಿಡಿಯಿತು. ನಾನು ಟ್ರಂಕಿನಲ್ಲಿ ಸೀರೆಗಳನ್ನು ಮಡಿಸಿಟ್ಟೆ. ಗಾಳಿ ಬಿಟ್ಟ ಟ್ಯೂಬು ನುಗ್ಗೆಮರದ ಕೊಂಬೆಗೆ ಜೋತು ಬಿದ್ದಿತ್ತು. ವಾಪಸು ಹೋದ ಮಗಳನ್ನು ಊರಿನವರು ಏನೆನ್ನುತ್ತಾರೆ, ನನ್ನ ಹಿಂದಿನ ಇಬ್ಬರು ತಂಗಿಯರ ಮದುವೆ ಏನಾಗುತ್ತದೆ ಎಂದು ನಾನು ಮತ್ತೆ ಮತ್ತೆ ಯೋಚಿಸಿದೆ. ಯೋಚಿಸಿ ಏನೂ ಬಗೆಹರಿಯಲಿಲ್ಲ.

ಅಪ್ಪ ಯಶವಂತಪುರದಲ್ಲಿ ರೈಲಿಳಿದು, ಹೆಬ್ಬಾಳದವರೆಗೆ ಬಸ್ಸಿನಲ್ಲಿ ಬಂದು, ಅಲ್ಲಿಂದ ನಡೆದುಕೊಂಡೇ ಬಂದ. ಕೈಕಾಲು ತೊಳೆದು, ನೀರು ಕುಡಿದು ಜಗಲಿಯ ಮೇಲೆ ಕೂತ. ಅತ್ತೆ ಬಾಗಿಲ ಪಕ್ಕ ನಿಂತರು, ಗಂಡ ಮೆಟ್ಟಿಲ ಮೇಲೆ. ನಾನು ಒಳಗೆ, ಗೋಡೆಗೆ ಒರಗಿ.

ಅತ್ತೆ ಎಲ್ಲವನ್ನೂ ಹೇಳಿದರು. ಮಗ ಟ್ಯೂಬು ತಂದು ಕೆರೆಗೆ ಹೋದದ್ದು, ಸೊಸೆ ಕಚ್ಚೆ ಹಾಕಿ ಕೆರೆಗೆ ಇಳಿದದ್ದು, ಸುಳ್ಳು ಹೇಳಿದ್ದು, ಊರಿನವರೆಲ್ಲ ನೋಡಿದ್ದು. ಅಪ್ಪ ನಡುವೆ ಬಾಯಿ ಹಾಕಲಿಲ್ಲ. ಅವರು ನಿಲ್ಲಿಸಿದ ಮೇಲೆ ಒಂದೇ ಮಾತು ಕೇಳಿದ.

"ಹನುಮವ್ವಾ, ನಾಗಪ್ಪಗ ಹೇಳೀಯೇನು?"

ಅತ್ತೆ ಸೆರಗನ್ನು ಎಳೆದುಕೊಂಡರು.

"ಹೇಳಿಲ್ಲ" ಎಂದು ಅಪ್ಪ ತಾನೇ ಅಂದುಕೊಂಡ. ಆಮೇಲೆ ನನ್ನ ಗಂಡನ ಕಡೆ ತಿರುಗಿದ. "ತಮ್ಮಾ, ನಿಮ್ಮಪ್ಪ ಜ್ವರ ಬಂದು ಸತ್ತಿದ್ದಲ್ಲ. ಹೊಳಿ ತುಂಬಿ ಬಂದಾಗ ಹರಿಗೋಲು ಮಗುಚಿತು. ಮೂರನೇ ದಿನ ಮಡುವಿನಾಗ ಸಿಕ್ಕ. ಎತ್ತಿದವರಾಗ ನಾನೂ ಒಬ್ಬ."

ಗಂಡ ಮೆಟ್ಟಿಲ ಮೇಲಿಂದ ಏಳಲಿಲ್ಲ. ತಾಯಿಯ ಕಡೆ ನೋಡಲೂ ಇಲ್ಲ. ಅಂಗಳದ ಮಣ್ಣಿನಲ್ಲಿ ಬೆರಳಾಡಿಸುತ್ತ ಕೂತಿದ್ದರು.

"ಯಾರೂ ಬಾಯಿ ಬಿಡಬಾರದಂತ ನಾ ಕೈ ಮುಗಿದಿದ್ನಿ, ಬರಮಪ್ಪಣ್ಣ" ಎಂದರು ಅತ್ತೆ. ಅವರ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಮುಗಿದಿದ್ದಿ. ಇಪ್ಪತ್ತು ವರ್ಷದ ಮ್ಯಾಲಾತು, ಊರಾಗ ಒಬ್ರೂ ಬಿಟ್ಟಿಲ್ಲ. ನನ್ನ ಮಗಳಿಗೂ ಹೇಳದ ಕಳಿಸೀನಿ. ಈಗ ನಿನ್ನ ಮಗ ಈಜು ಬರದ ನೀರಿಗಿಳದಾನ. ಇನ್ನ ಮುಚ್ಚಿಟ್ಟರ ಹೆಂಗ?"

"ಎಲ್ಲಾ ಗೊತ್ತಿದ್ದು ನಿನ್ನ ಮಗಳನ್ನ ಈ ಮನಿಗೆ ಯಾಕ ಕೊಟ್ಟಿ?"

"ಹುಡುಗ ಛಲೋ ಅದಾನಂತ ಕೊಟ್ಟೆ. ನೀರು ಗೊತ್ತಿದ್ದಾಕಿ ಒಬ್ಬಾಕಿ ನಿನ್ನ ಮನಿಯಾಗ ಇರ್ಲಿ ಅಂತಾನೂ ಕೊಟ್ಟೆ."

ಅತ್ತೆ ಅಲ್ಲೇ ಬಾಗಿಲ ಬಳಿ ಕೂತರು. ಅತ್ತರು ಎಂದು ಹೇಳಲಾರೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ಮಗ ಕೆರೆಗೆ ಹೋದ ದಿನಗಳ ಒಪ್ಪತ್ತು ಯಾವ ದೇವರ ಹರಕೆಯೂ ಅಲ್ಲ, ಅವರಿಗೆ ಅನ್ನ ಇಳಿಯುತ್ತಿರಲಿಲ್ಲ ಎಂದು ನನಗೆ ಆಗ ಅರ್ಥವಾಯಿತು. ಏರಿಯ ಮೇಲೆ ನಿಂತು ಬಾಯಿ ತೆರೆದು ಮಾತು ಬಾರದೆ ಹೋದದ್ದೂ.

ಅಪ್ಪ ಎರಡು ದಿನ ಇದ್ದ. ಕೆರೆಗೆ ಹೋಗಿ ಮುನಿಯಪ್ಪನ ಜೊತೆ ಬೀಡಿ ಸೇದಿದ. ಟ್ಯೂಬಿಗೆ ಗಾಳಿ ತುಂಬಿಸಿ ಒಂದೊಂದೇ ತೇಪೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಒಂದು ಸಡಿಲವಿತ್ತು, ಹೆಬ್ಬಾಳಕ್ಕೆ ಹೊತ್ತೊಯ್ದು ಹೊಸದು ಹಾಕಿಸಿಕೊಂಡು ಬಂದ. ಅಳಿಯನಿಗೆ ಈಜು ಕಲಿಸುತ್ತೇನೆಂದ, ಅಳಿಯ ಒಪ್ಪಲಿಲ್ಲ. ಅವರು ಕೊನೆಗೂ ಕಲಿಯಲಿಲ್ಲ. ಟ್ಯೂಬನ್ನೂ ಮತ್ತೆ ಮುಟ್ಟಲಿಲ್ಲ. ಯಲಹಂಕದ ದಾರಿಯ ಒಂದು ದ್ರಾಕ್ಷಿ ತೋಟದಲ್ಲಿ ಪಂಪುಸೆಟ್ಟು ನೋಡಿಕೊಳ್ಳುವ ಕೂಲಿಗೆ ಸೇರಿಕೊಂಡರು.

ಹೊರಡುವ ಬೆಳಿಗ್ಗೆ ಅಪ್ಪ ಚೀಲ ಹೆಗಲಿಗೇರಿಸಿ ಅತ್ತೆಯನ್ನು ಕೇಳಿದ. "ಕರಕೊಂಡು ಹೋಗ್ಲೇನವಾ?"

ನಾನು ಟ್ರಂಕಿನ ಪಕ್ಕ ನಿಂತಿದ್ದೆ. ಅತ್ತೆ ಅಂಗಳಕ್ಕೆ ನೀರು ಹಾಕುತ್ತಿದ್ದರು. ಚೆಂಬು ಖಾಲಿಯಾಗುವವರೆಗೆ ಚಿಮುಕಿಸಿದರು.

"ರೊಟ್ಟಿ ಬಡಿಯಾಕ ಮನಿಯಾಗ ಒಬ್ರು ಬೇಕಲ್ಲ" ಎಂದರು.

ಅಪ್ಪ ಒಬ್ಬನೇ ಹೋದ.

ಮೂರು ದಿನ ಕಳೆಯಿತು. ನಾಲ್ಕನೆಯ ನಸುಕಿನಲ್ಲಿ ಯಾರೋ ಭುಜ ಅಲುಗಿಸಿದಂತಾಗಿ ಎಚ್ಚರವಾಯಿತು. ಅತ್ತೆ. ಕೈಯಲ್ಲಿ ಒಂದು ಸುತ್ತು ಹಗ್ಗ.

"ಎದ್ದೇಳು. ನಡಿ."

ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಕೆರೆಯ ಹತ್ತಿರ ಹಗ್ಗದ ಒಂದು ತುದಿಯನ್ನು ಅವರೇ ಟ್ಯೂಬಿಗೆ ಕಟ್ಟಿದರು. ಆ ಗಂಟು ನಮ್ಮ ಕಡೆಯ ಅಂಬಿಗರ ಗಂಟು, ನೆನೆದಷ್ಟೂ ಬಿಗಿಯುವಂಥದು. ಇಷ್ಟು ವರ್ಷದ ಮೇಲೂ ಅವರ ಬೆರಳು ತಡವರಿಸಲಿಲ್ಲ. ಇನ್ನೊಂದು ತುದಿಯನ್ನು ತಮ್ಮ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು ತೂಬಿನ ಕಲ್ಲಿನ ಮೇಲೆ ಕೂತರು. ಮುನಿಯಪ್ಪ ಎದ್ದು ಜಾಗ ಬಿಟ್ಟುಕೊಟ್ಟರು.

ಹಗ್ಗ ಹದಿನೈದು ಮಾರು ಇತ್ತು. ಅಷ್ಟರೊಳಗೆ ಎಷ್ಟು ಸಿಗುತ್ತದೋ ಅಷ್ಟು ಹಿಡಿದೆ. ಅತ್ತೆ ಮೊದಲ ದಿನಗಳಲ್ಲಿ ನೀರಿನ ಕಡೆ ನೋಡುತ್ತಲೇ ಇರಲಿಲ್ಲ. ಹಗ್ಗವನ್ನು ಮಾತ್ರ ನೋಡುತ್ತಿದ್ದರು. ಆಗಾಗ ಒಮ್ಮೆ ಮೆಲ್ಲಗೆ ಜಗ್ಗುವರು. ನಾನೂ ಒಮ್ಮೆ ಜಗ್ಗುವೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರುವರು. ಮುನಿಯಪ್ಪ ಏನಾದರೂ ಮಾತು ತೆಗೆದರೆ ಹೂಂ, ಉಹೂಂ ಎನ್ನುವರು. ಒಂದು ವಾರದ ಮೇಲೆ ಬಾಳೆ ಎಲೆಯಲ್ಲಿ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡು ಬರತೊಡಗಿದರು. ಕೂತಲ್ಲೇ ಅದನ್ನು ತಿಂದರು.

ಒಂದು ಬೆಳಿಗ್ಗೆ ದೂರದಲ್ಲಿ, ಮುನಿಯಪ್ಪ ಹೇಳಿದ್ದ ಹಳೆಯ ಬಾವಿಯ ಜಾಗದಲ್ಲಿ, ದೊಡ್ಡ ಗೆಂಡೆಮೀನೊಂದು ನೀರಿನಿಂದ ಮೇಲೆ ಹಾರಿ ಬಿತ್ತು. ಅತ್ತೆಯೂ ನೋಡಿದರು.

"ಅಲ್ಲಿ ಯಾಕ ಹೋಗಂಗಿಲ್ಲ ನೀ?" ಎಂದು ದಡದಿಂದ ಕೂಗಿದರು.

"ಹಗ್ಗ ಮುಟ್ಟಂಗಿಲ್ರೀ ಅತ್ತೀ."

ಅವರು ಮುಂಗೈಯ ಹಗ್ಗದತ್ತ ನೋಡಿದರು. ಮರುದಿನ ಜಯಮ್ಮನ ಬಾವಿಯ ಹಗ್ಗವನ್ನು ಕೇಳಿ ತಂದು ನಮ್ಮ ಹಗ್ಗಕ್ಕೆ ಗಂಟು ಹಾಕಿದರು. ಗಂಟನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಮೂರು ಸಲ ಎಳೆದು ನೋಡಿದರು. "ಹೋಗಿ ಬಾ" ಎಂದರು.

ಬಾವಿಯ ಮೇಲೆ ತೇಲುತ್ತಿದ್ದಾಗ ಕಾಲಿನ ಕೆಳಗೆ ನೀರು ಬೇರೆಯೇ ಆಗಿತ್ತು. ಮಂಡಿಯವರೆಗೆ ಬೆಚ್ಚಗೆ, ಪಾದಕ್ಕೆ ತಣ್ಣಗೆ. ಅಲ್ಲಿ ಸಿಕ್ಕ ಗೆಂಡೆಗಳನ್ನು ನೋಡಿ ಮುನಿಯಪ್ಪ, "ನಿನ್ನ ಸೊಸೆ ಅದೃಷ್ಟ ಬೋ ಚೆನ್ನಾಗದೆ ಕಣವ್ವ" ಎಂದರು. "ಅದೃಷ್ಟ ಅಲ್ಲ, ಆಕಿಗೆ ಗೊತ್ತೈತಿ" ಎಂದರು ಅತ್ತೆ. ನನ್ನೆದುರು ಅವರು ನನ್ನ ಬಗ್ಗೆ ಆಡಿದ ಒಳ್ಳೆಯ ಮಾತು ಬಹುಶಃ ಅದೊಂದೇ. ಆಮೇಲೆ ಹದಿನಾರು ವರ್ಷ ಒಂದೇ ಸೂರಿನಡಿ ಇದ್ದೆವು. ಜಗಳಗಳೂ ಆದವು. ನೀರಿನ ಮಾತನ್ನು ಮಾತ್ರ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಜೂನ್ ಎರಡನೆಯ ವಾರ ಕಾರ್ಖಾನೆಯವರು ಗೇಟಿಗೆ ನೋಟಿಸು ಹಚ್ಚಿದರು. ಸೋಮವಾರದಿಂದ ಕೆಲಸ. ಆ ಭಾನುವಾರ ನಾವು ಕೊನೆಯ ಸಲ ಕೆರೆಗೆ ಹೋದೆವು. ಕೊನೆಯ ಸಲ ಎಂದು ಆಗ ಗೊತ್ತಿರಲಿಲ್ಲ. ಮುಂದಿನ ವರ್ಷ ಯಾರೋ ಕೆರೆಯ ಮೀನನ್ನು ಗುತ್ತಿಗೆ ಹಿಡಿದು ಟ್ಯೂಬಿನವರನ್ನು ಬಿಡದಾದರು. ನನಗೂ ಅಷ್ಟರಲ್ಲಿ ಮಗಳು ಹುಟ್ಟಿದ್ದಳು.

ಅವತ್ತು ನಾನು ಬಾವಿಯ ಮೇಲೆ ಇದ್ದೆ. ಏಳು ಗಂಟೆಯ ಹೊತ್ತಿಗೆ ಯಲಹಂಕದ ಕಡೆಯಿಂದ ಮೋಡ ಕವಿಯಿತು. ಗಾಳಿ ತಣ್ಣಗಾಯಿತು. ಮೊದಲ ಹನಿಗಳು ಅಲ್ಲೊಂದು ಇಲ್ಲೊಂದು ಬಿದ್ದವು, ನೋಡನೋಡುತ್ತ ಕೆರೆಯ ಮೇಲೆಲ್ಲ ಮಳೆ ಇಳಿಯಿತು. ದಡ ಮಸುಕಾಯಿತು, ಅತ್ತೆ ಕಾಣದಾದರು. ಗಾಳವನ್ನು ಸುತ್ತಿಕೊಂಡು ಕಾಲಾಡಿಸಲು ಹೊರಟೆ. ಅಷ್ಟರಲ್ಲಿ ಹಗ್ಗ ಬಿಗಿಯಾಯಿತು. ಜಗ್ಗಿ ನೋಡಿದ ಜಗ್ಗು ಅಲ್ಲ, ಬಿಡದೆ ಎಳೆಯುವ ಎಳೆತ. ಒಂದು ಮಾರು, ತುಸು ತಡೆದು ಇನ್ನೊಂದು ಮಾರು. ನಾನು ಕಾಲನ್ನು ನಿಲ್ಲಿಸಿದೆ. ಎರಡೂ ಕೈಯಿಂದ ಟ್ಯೂಬನ್ನು ಹಿಡಿದುಕೊಂಡು ಮಳೆಯಲ್ಲಿ ಸುಮ್ಮನೆ ಕೂತೆ. ದಡದವರೆಗೂ ಅವರೇ ನನ್ನನ್ನು ಎಳೆದುಕೊಂಡರು.